ಓರೆ ಹ್ಯಾಂಗರ್‌ಗಳ ಕಮಾನು ಸೇತುವೆ: ನನ್ನ ಅನುಭವ

ಕನಕಪುರ ರಸ್ತೆ ಕಡೆಯ ಒಂದು ಲೇಔಟ್‌ನ ಕೊಳದ ಮೇಲೆ ನಾನು ಕಟ್ಟಿದ ಕಾಲುಸೇತುವೆ ಎರಡು ಮಳೆಗಾಲ ದಾಟಿದೆ. ನಡೆಯುವ ಹಾಸನ್ನು ಕಮಾನಿನಿಂದ ತೂಗಿ ಹಿಡಿಯುವ ರಾಡ್‌ಗಳಲ್ಲಿ, ಅಂದರೆ ಹ್ಯಾಂಗರ್‌ಗಳಲ್ಲಿ, ಒಂದೂ ಸಡಿಲವಾಗಿಲ್ಲ. "ಎರಡು ಐ-ಬೀಮ್ ಇಟ್ಟು, ಮೇಲೆ ಪ್ಲೇಟ್ ಹೊದಿಸಿ ಮುಗಿಸಿ ಸಾರ್, ಯಾಕೆ ಸುಮ್ನೆ ತಲೆನೋವು?" ಎಂದವರೇ ಈಗ ಡ್ರಾಯಿಂಗ್ ಕೇಳುತ್ತಿದ್ದಾರೆ.

ಸ್ಪ್ಯಾನ್ (ಆಧಾರದಿಂದ ಆಧಾರಕ್ಕೆ ದೂರ) ಸುಮಾರು 20 ಮೀಟರ್, ಅಗಲ 1.8. ದಡದ ಮಣ್ಣು ಮೆತ್ತಗೆ. ಕಮಾನು ದಡವನ್ನು ಹೊರಕ್ಕೆ ತಳ್ಳುವ ಒದೆತ ತಡೆಯುವ ಅಡಿಪಾಯ ಹಾಕಿದರೆ ದುಡ್ಡೆಲ್ಲ ನೆಲದೊಳಗೇ ಹೋಗುತ್ತದೆ. ಹಾಗಾಗಿ ಟೈಡ್ ಆರ್ಚ್, ಅಂದರೆ ಎರಡು ತುದಿಗಳನ್ನು ಅಡಿಯಲ್ಲಿ ಒಂದಕ್ಕೊಂದು ಬಿಗಿದು ಒದೆತವನ್ನು ಅಲ್ಲೇ ಹಿಡಿದಿಡುವ ಕಮಾನು. ರಾಜಮಂಡ್ರಿಯಲ್ಲಿ ಗೋದಾವರಿ ಮೇಲಿನ ಕಮಾನು ರೈಲು ಸೇತುವೆಯೂ ಇದೇ ಜಾತಿ, ಒಂದೊಂದು ಸ್ಪ್ಯಾನ್ 97 ಮೀಟರ್ ಚಿಲ್ಲರೆ.

ಜಗಳವಾದದ್ದು ಹ್ಯಾಂಗರ್ ವಿಷಯಕ್ಕೆ. ಎಲ್ಲರಿಗೂ ನೆಟ್ಟಗೆ ಇಳಿಬಿಟ್ಟದ್ದೇ ಬೇಕು. ನನಗೆ ಬೇಕಿದ್ದದ್ದು ಓರೆಯಾಗಿ ಒಂದನ್ನೊಂದು ದಾಟುವ ನೆಟ್‌ವರ್ಕ್ ಆರ್ಚ್. ನಾರ್ವೆಯ ಪೆರ್ ಟ್ವೈಟ್ 1960ರ ದಶಕದಲ್ಲೇ ಮಾಡಿ ತೋರಿಸಿದ್ದು. ಕಮಾನನ್ನು ಕಾಡುವುದು ಅರ್ಧ ಭಾಗದ ಮೇಲೆ ಮಾತ್ರ ಬೀಳುವ ಭಾರ. ಜನ ಒಂದೇ ಕಡೆ ನಿಂತರೆ ಆ ಕಡೆ ತಗ್ಗುತ್ತದೆ, ಈ ಕಡೆ ಉಬ್ಬುತ್ತದೆ. ಶೆಡ್‌ನಲ್ಲಿ ಹತ್ತರಲ್ಲೊಂದು ಅಳತೆಯ ಮಾದರಿ ಮಾಡಿ ಒಂದು ಪಕ್ಕ ಇಟ್ಟಿಗೆ ಪೇರಿಸಿದೆ. ನೆಟ್ಟಗಿನ ತಂತಿಯಲ್ಲಿ ಕಮಾನು ಕಣ್ಣಿಗೇ ಕಾಣುವಷ್ಟು ವಾಲಿತು. ಅದಕ್ಕೇ ಓರೆ ತಂತಿ ಕಟ್ಟಿದಾಗ ಎಷ್ಟು ಕದಲಿತು ಅಂತ ನೋಡಲು ಸೂಕ್ಷ್ಮ ಕದಲಿಕೆ ಅಳೆಯುವ ಡಯಲ್ ಗೇಜ್ ಬೇಕಾಯಿತು. ಬಾಗುವುದು ಕಡಿಮೆಯಾದರೆ ಕಮಾನಿನ ಪೈಪೂ ಸಣ್ಣದು ಸಾಕು, ಚಂದ ಬರುವುದೇ ಅಲ್ಲಿಂದ. ದಪ್ಪ ಕಮಾನಿಗೆ ಎಂಥ ಬಣ್ಣ ಬಳಿದರೂ ಹಗುರಾಗಿ ಕಾಣುವುದಿಲ್ಲ.

ಆಕಾರದ ಮೇಲೂ ಸ್ವಲ್ಪ ಆಟ ಆಡಿದೆ. ಗೋಡೆಗೆ ದಾರ ಕಟ್ಟಿ, ಅಡ್ಡಕ್ಕೆ ಅಳೆದ ಸಮ ಅಂತರದಲ್ಲಿ ನಟ್‌ಗಳನ್ನು ತೂಗುಹಾಕಿ ಪ್ಯಾರಾಬೊಲಾ ತೆಗೆದೆ. ರೈಸ್ (ಕಮಾನಿನ ನಡುವಿನ ಎತ್ತರ) 3.3 ಮೀಟರ್ ಇಟ್ಟರೆ ಅದಕ್ಕೂ ವೃತ್ತದ ಕಮಾನಿಗೂ ಕಾಲು ಸ್ಪ್ಯಾನ್‌ನಲ್ಲಿ ವ್ಯತ್ಯಾಸ ಆರೇಳು ಸೆಂಟಿಮೀಟರ್, ಅಷ್ಟೇ. ವೃತ್ತವನ್ನೇ ಹಿಡಿದೆ. ಪೈಪ್ ಬಗ್ಗಿಸುವ ರೋಲರ್‌ಗೆ ಒಂದೇ ರೇಡಿಯಸ್, ಕೂಲಿಯೂ ಕಡಿಮೆ.

ಆದರೂ ದುಡ್ಡು ಹೋದದ್ದು ಬೆಂಡಿಂಗ್‌ನಲ್ಲೇ. ಒಂದು ವರ್ಕ್‌ಶಾಪ್‌ಗೆ ಕೊಟ್ಟ ಮೊದಲ ಲಾಟ್ ಒಳಬದಿಯಲ್ಲಿ ಸುಕ್ಕುಗಟ್ಟಿ, ದುಂಡಗಿದ್ದ ಪೈಪ್ ಚಪ್ಪಟೆಯಾಗಿ ಬಂತು. ಹತ್ತಿರ ಹತ್ತಿರ 60 ಸಾವಿರದ ಮಾಲು ಗುಜರಿಗೆ. ಬೇರೆಯವರ ಹತ್ತಿರ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಬಗ್ಗಿಸಿಕೊಂಡೆ. ಬಗ್ಗಿಸಿದ ಪೈಪ್ ಮತ್ತೆ ಬಿಚ್ಚಿಕೊಳ್ಳುತ್ತದೆ ಅಲ್ವಾ, ಅದಕ್ಕೆ ಎಷ್ಟು ಜಾಸ್ತಿ ಬಗ್ಗಿಸಬೇಕು ಅನ್ನೋದು ನನ್ನ ಡೈರಿಯಲ್ಲೇ ಇರಲಿ.

ಹ್ಯಾಂಗರ್ ಬಿಗಿ ಮಾಡುವುದು ವೀಣೆಗೆ ಶ್ರುತಿ ಕೂಡಿಸಿದಷ್ಟೇ ತಾಳ್ಮೆಯ ಕೆಲಸ. ಮರದ ಸುತ್ತಿಗೆಯಿಂದ ರಾಡ್ ತಟ್ಟಿ, ಮೊಬೈಲ್‌ನಲ್ಲಿ ಫ್ರೀಕ್ವೆನ್ಸಿ ನೋಡಿ, ಉದ್ದಕ್ಕೆ ತಕ್ಕ ಲೆಕ್ಕ ಹಾಕಿ, ರಾಡ್ ಬಿಗಿ ಮಾಡುವ ತಿರುಪು ಅಂದರೆ ಟರ್ನ್‌ಬಕಲ್ ತಿರುಗಿಸಬೇಕು. ಒಂದನ್ನು ಬಿಗಿದರೆ ಪಕ್ಕದ್ದು ಸಡಿಲವಾಗುತ್ತದೆ. ಯಾವುದು ಮೊದಲು, ಯಾವುದು ಕೊನೆಗೆ ಅನ್ನುವ ಸರದಿ ಮಾತ್ರ ಹೇಳುವುದಿಲ್ಲ. ರಾಡ್‌ಗಳು ದಾಟುವ ಕಡೆ ನೈಲಾನ್ ಸ್ಲೀವ್ (ಕೊಳವೆಯಂಥ ಹೊದಿಕೆ) ಹಾಕಿ, ಇಲ್ಲವಾದರೆ ಗಾಳಿಗೆ ಉಜ್ಜಿ ಬಣ್ಣ ಕಿತ್ತು ತುಕ್ಕು ಹಿಡಿಯುತ್ತದೆ.

ಕೊನೆಗೆ ಅರ್ಧ ಸೇತುವೆಯ ಮೇಲೆ ಎಂ-ಸ್ಯಾಂಡ್ ಮೂಟೆ ಜೋಡಿಸಿದೆವು, ಸುಮಾರು 9 ಟನ್. ಆರು ಮಿಲಿಮೀಟರ್ ತಗ್ಗಿತು. ಮೂಟೆ ಇಳಿಸಿದಾಗ ವಾಪಸ್ ಬಂತು. ಸ್ಟೀಲ್ ನಾಲ್ಕು ಟನ್ ಒಳಗೆ, ಖರ್ಚು ಗುಜರಿಗೆ ಹೋದದ್ದೂ ಸೇರಿ ಎಂಟು ಲಕ್ಷದ ಆಸುಪಾಸು. ಬೀಮ್ ಸೇತುವೆಗೆ ಬಂದ ಕೊಟೇಶನ್ ಏಳು ಚಿಲ್ಲರೆ ಇತ್ತು. ಮುಂದಿನದನ್ನು ಅಷ್ಟರಲ್ಲೇ ಕಟ್ಟಿ ಕೊಡುತ್ತೇನೆ.