ಹಳೆಯ ಕಲ್ಲುಕಟ್ಟೆಯ ಅಪಾಯದ ವರ್ಗ ಗೊತ್ತುಮಾಡಿದ ಬಗೆ

ಅಣೆಕಟ್ಟಿನ ಅಪಾಯದ ವರ್ಗ ಎಂದ ಕೂಡಲೇ ಊರಿನವರು ಕೇಳುವುದು, "ಕಟ್ಟೆ ಬಿರುಕು ಬಿಟ್ಟಿದೆಯಾ ಸಾರ್?" ಎಂದು. ಬಿರುಕಿಗೂ ಈ ವರ್ಗಕ್ಕೂ ಸಂಬಂಧವಿಲ್ಲ. ಕಟ್ಟೆ ಗಟ್ಟಿಮುಟ್ಟಾಗಿಯೇ ಇರಬಹುದು. ಅಕಸ್ಮಾತ್ ಒಡೆದರೆ ಕೆಳಗಡೆ ಯಾರ ಜೀವಕ್ಕೆ ಕುತ್ತು ಎಂಬುದನ್ನು ವರ್ಗ ಹೇಳುತ್ತದೆ. ಹಾಸನ ಸೀಮೆಯ ಹೊಳೆಯೊಂದಕ್ಕೆ ಅರಸರ ಕಾಲದಲ್ಲಿ ಕಟ್ಟಿದ ಸಣ್ಣ ಕಲ್ಲುಕಟ್ಟೆಯ ಕೆಲಸ ಕೈಗೆ ಬಂದಾಗ ನಾನು ಈ ಮಾತನ್ನು ಎಲ್ಲರಿಗೂ ಬಿಡಿಸಿ ಹೇಳುತ್ತಲೇ ಕೆಲಸ ಶುರು ಮಾಡಿದೆ.

ಮೊದಲು ತೀರ್ಮಾನವಾಗಬೇಕಿದ್ದದ್ದು ಕಟ್ಟೆ ಕಾನೂನಿನ ವ್ಯಾಪ್ತಿಗೆ ಬರುತ್ತದೆಯೇ ಎಂಬುದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ 15 ಮೀಟರ್ ಎತ್ತರ ಮೀರಿದ ಎಲ್ಲ ಕಟ್ಟೆಗಳೂ ಬರುತ್ತವೆ. 10ರಿಂದ 15 ಮೀಟರ್ ಒಳಗಿನವಾದರೆ ಉದ್ದ 500 ಮೀಟರ್, ಇಲ್ಲವೇ ನೀರಿನ ಸಂಗ್ರಹ 10 ಲಕ್ಷ ಘನ ಮೀಟರ್ ಮುಟ್ಟಿರಬೇಕು. ಪ್ರವಾಹದ ಪ್ರಮಾಣ, ತಳಪಾಯದ ತೊಡಕು ಮುಂತಾದ ಷರತ್ತುಗಳೂ ಇವೆ. ನಮ್ಮದು 'ಮೂವತ್ತಡಿ ಕಟ್ಟೆ' ಎಂದೇ ಹೆಸರಾದದ್ದು, ಅಂದರೆ ಸುಮಾರು 9 ಮೀಟರ್. ಆದರೆ ಎತ್ತರ ಅಳೆಯಬೇಕಾದದ್ದು ಹೊಳೆಯ ಪಾತ್ರದಿಂದಲ್ಲ, ತಳಪಾಯದ ಅತಿ ತಗ್ಗಿನ ಭಾಗದಿಂದ. ದಾಖಲೆ ಕೋಣೆಯಲ್ಲಿ ಬಟ್ಟೆಗೆ ಅಂಟಿಸಿದ ಹಳೆಯ ನಕಾಶೆ ಸಿಕ್ಕಿತು. ಅದನ್ನಷ್ಟೇ ನಂಬದೆ ಬೇಸಿಗೆಯಲ್ಲಿ ಕಟ್ಟೆಯ ಬುಡದಿಂದ ಸ್ವಲ್ಪ ದೂರದಲ್ಲಿ ಗುಂಡಿ ತೆಗೆಸಿದೆ. ಬಂಡೆ ಸಿಕ್ಕಿದ್ದು ಇನ್ನೂ ಏಳೆಂಟು ಅಡಿ ಕೆಳಗೆ, ಅಂದರೆ ಎತ್ತರ 11 ಮೀಟರ್ ದಾಟಿತು. ಹೂಳು ತುಂಬಿದ್ದರೂ ಸಂಗ್ರಹ 10 ಲಕ್ಷ ಘನ ಮೀಟರಿಗಿಂತ ಹೆಚ್ಚೇ ಇತ್ತು. ಅಲ್ಲಿಗೆ ಕಟ್ಟೆ ಕಾಯ್ದೆಯೊಳಗೆ ಬಂತು. ಹೂಳು ತುಂಬಿದರೆ ಕಟ್ಟೆಗೆ ಭಾರ ಕಡಿಮೆ ಎಂದು ಕೆಲವರು ತಿಳಿದಿದ್ದಾರೆ. ನೆನೆದ ಹೂಳು ನೀರಿಗಿಂತ ಜೋರಾಗಿ ಗೋಡೆಯನ್ನು ಒತ್ತುತ್ತದೆ.

ಕಟ್ಟೆಯ ಕೆಳಮುಖದಲ್ಲಿ ಬಿಳಿ ಹೆಪ್ಪುಗಳು ಗೆರೆಗೆರೆಯಾಗಿ ಇಳಿದಿದ್ದವು. ಸುರ್ಕಿ ಗಾರೆಯ (ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆ) ಸುಣ್ಣ ಕರಗಿ ಹೊರಬಂದದ್ದು. ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದೆ, ತಿಳಿಯಾಗಿತ್ತು, ಬಗ್ಗಡವಿರಲಿಲ್ಲ. "ಮಳೆಗಾಲದಲ್ಲೂ ಹಿಂಗೇ ಇರ್ತದಾ?" ಎಂದು ನೀರು ಬಿಡುವ ಕೆಲಸದ ನೀರುಗಂಟಿಯನ್ನು ಕೇಳಿದೆ. "ಕೋಡಿ ಬಿದ್ದಾಗ ಜಾಸ್ತಿ ಆಯ್ತದೆ ಸಾಮಿ, ಕೆಂಪಗೆ ಮಾತ್ರ ಬಂದಿಲ್ಲ" ಅಂದರು. ಇದೆಲ್ಲ ಕಟ್ಟೆಯ ಸ್ಥಿತಿಯ ವರದಿಗೆ ಹೋಯಿತು, ವರ್ಗದ ಲೆಕ್ಕಕ್ಕಲ್ಲ.

ವರ್ಗಕ್ಕಾಗಿ ಹೊಳೆಯ ಎರಡೂ ದಂಡೆ ಹಿಡಿದು ಕೆಳಗೆ ನಡೆದೆ. ಉಪಗ್ರಹ ಚಿತ್ರದಲ್ಲಿ ತೆಂಗಿನ ತೋಟವಾಗಿ ಕಂಡ ಜಾಗದಲ್ಲಿ ಕೂಲಿಯವರ ಶೆಡ್ಡುಗಳಿದ್ದವು. ಇಟ್ಟಿಗೆ ಗೂಡು, ಪಂಪ್‌ಸೆಟ್ ಮನೆಗಳು, ಬಟ್ಟೆ ಒಗೆಯುವ ಮೆಟ್ಟಿಲು, ಮಕ್ಕಳು ಶಾಲೆಗೆ ದಾಟುವ ತಗ್ಗು ಸೇತುವೆ, ಎಲ್ಲವನ್ನೂ ನಕ್ಷೆಗೆ ಏರಿಸಿದೆ. 2019ರ ಆಗಸ್ಟಿನ ನೀರು ಎಲ್ಲಿವರೆಗೆ ಬಂದಿತ್ತೆಂದು ಮನೆಯವರೇ ಗೋಡೆ ಮುಟ್ಟಿ ತೋರಿಸಿದರು. ನೀರು ಎಲ್ಲಿವರೆಗೆ ಏರುತ್ತದೆಂಬ ನಮ್ಮ ಕಂಪ್ಯೂಟರ್ ಲೆಕ್ಕವನ್ನು ಆ ಗುರುತುಗಳಿಗೆ ತಾಳೆ ನೋಡಿದೆವು.

ಲೆಕ್ಕ ಎರಡು ಬಗೆಯದು: ಹೊಳೆ ತುಂಬಿ ಹರಿಯುವಾಗ ಒಡೆದರೆ, ಬಿಸಿಲಿನ ದಿನ ಒಡೆದರೆ. ಸಣ್ಣ ಕಟ್ಟೆಗೆ ಎರಡನೆಯದನ್ನು ತಳ್ಳಿಹಾಕಕೂಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ರವಾಹದಲ್ಲಿ ಒಡೆದರೆ ಆಗಲೇ ಉಕ್ಕಿದ ಹೊಳೆಗೆ ಸೇರುವ ನೀರು ಅಷ್ಟೇನೂ ಎತ್ತರ ಏರದು, ಜನರೂ ದಂಡೆ ಬಿಟ್ಟಿರುತ್ತಾರೆ. ಬಿಸಿಲಿನ ದಿನ ಹೊಳೆಯೊಳಗೇ ಜನ ಇರುತ್ತಾರೆ. ಕಲ್ಲುಕಟ್ಟೆ ಮಣ್ಣಿನ ಏರಿಯಂತೆ ಕೊರೆಕೊರೆದು ಹೋಗುವುದಲ್ಲ, ಒಂದು ಭಾಗ ಒಮ್ಮೆಲೇ ಕುಸಿಯಬಹುದು. ನಮ್ಮ ಲೆಕ್ಕದಲ್ಲಿ ತಗ್ಗು ಸೇತುವೆಗೆ ನೀರು ತಲುಪಲು ಅರ್ಧ ಗಂಟೆಯೂ ಬೇಕಿರಲಿಲ್ಲ. ಹಾಗಾಗಿ ಕಟ್ಟೆಯನ್ನು ಮೇಲಿನ, ಅಂದರೆ ಅಪಾಯ ಹೆಚ್ಚಿನ ವರ್ಗಕ್ಕೆ ಸೇರಿಸಿದೆ.

"ಇಷ್ಟು ಸಣ್ಣದಕ್ಕೆ ಮೇಲಿನ ವರ್ಗ ಯಾಕೆ?" ಎಂದು ಸಭೆಯಲ್ಲಿ ಕೇಳಿದರು. 2019ರ ಜುಲೈಯಲ್ಲಿ ರತ್ನಾಗಿರಿ ಜಿಲ್ಲೆಯ ತಿವರೆ ಕಟ್ಟೆ ರಾತ್ರಿ ಒಡೆದು ಜನ ಕೊಚ್ಚಿಹೋದದ್ದನ್ನು ನೆನಪಿಸಿದೆ, ಅದೂ ಸಣ್ಣ ನೀರಾವರಿಯ ಕಟ್ಟೆಯೇ. ಗಾತ್ರ ನೋಡಿದರೆ, ಕೋಡಿ ಎಷ್ಟು ನೀರು ಹೊರಹಾಕಬೇಕೆಂದು ಹೇಳುವ ಭಾರತೀಯ ಮಾನಕ ಐಎಸ್ 11223 ಸಂಹಿತೆಯಂತೆ ಇಂಥದಕ್ಕೆ ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಲೆಕ್ಕ ಹಿಡಿದರೆ ಸಾಕು. ಆದರೆ ಕೆಳಗೆ ಅಪಾಯ ಹೆಚ್ಚಿದ್ದರೆ ದೊಡ್ಡ ಪ್ರವಾಹ ಹಿಡಿಯಿರಿ ಎಂದೂ ಅದೇ ಸಂಹಿತೆ ಹೇಳುತ್ತದೆ. ಹಾಗೆ ಹಿಡಿದಾಗ ಕೋಡಿಯ ಅಗಲ ಸಾಲದೆಂದು ಗೊತ್ತಾಯಿತು. ವರ್ಗ ಮೇಲಿನದೇ ಉಳಿಯಿತು. ಈಗ ಕೋಡಿ ಅಗಲಿಸುವ ಅಂದಾಜುಪಟ್ಟಿ ತಯಾರಾಗುತ್ತಿದೆ. ಕೂಲಿಯವರ ಶೆಡ್ಡಿನ ಮೇಸ್ತ್ರಿಯ ಫೋನ್ ನಂಬರು ತುರ್ತು ಯೋಜನೆಯ ಮೊದಲ ಪುಟದಲ್ಲಿದೆ.