ಮೂಡಗಾಳಿಯ ದಿನ ಇ-ಸೈಕಲ್ ಎಲ್ಲಿ ತಿರುಗಿಸಬೇಕು?

ಚಳಿಗಾಲದ ಗಾಳಿಯ ದಿನ ತುಂಗೆಯ ದಡದ ದಾರಿಯಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಇ-ಸೈಕಲ್‌ನಲ್ಲಿ ಹೊರಟವರು, ಬ್ಯಾಟರಿ ಅರ್ಧಕ್ಕೆ ಇಳಿಯುವವರೆಗೆ ಕಾಯದೆ, ಮೂರರಲ್ಲಿ ಒಂದು ಪಾಲು ಖರ್ಚಾದ ಕೂಡಲೇ ಹಿಂದಿರುಗಬೇಕು. ಹೋಗುವಾಗ ಬೆನ್ನಿಗಿದ್ದು ನೂಕಿದ ಮೂಡಗಾಳಿಯೇ ಬರುವಾಗ ಎದೆಗೆ ಬಡಿಯುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗುವಾಗ 10 ಕಿ.ಮೀ. ವೇಗದ ಗಾಳಿ ಹಿಂದಿನಿಂದ ಬೀಸಿದರೆ ನಮಗೆ ತಾಗುವ ಗಾಳಿಯ ವೇಗ 10, ಎದುರಿನಿಂದ ಬೀಸಿದರೆ 30. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಒಂಬತ್ತು ಪಟ್ಟಾಗುತ್ತದೆ. ಬೆನ್ನ ಗಾಳಿ ಸವಾರನಿಗೆ ಗೊತ್ತೇ ಆಗುವುದಿಲ್ಲ, ಆದ್ದರಿಂದ ಮಂಡಗದ್ದೆಯಲ್ಲಿ ಒಂದು ನಿಮಿಷ ನಿಂತು, ಕರವಸ್ತ್ರದ ತುದಿ ಹಿಡಿದು ಅದು ಯಾವ ಕಡೆಗೆ ಎಷ್ಟು ಜೋರಾಗಿ ಹಾರುತ್ತದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಒಳರೋಧ ಹೆಚ್ಚಿ ಅದು ಕೊಡುವ ಶಕ್ತಿ ಕುಗ್ಗುತ್ತದೆ. ರಾತ್ರಿ ಅದನ್ನು ಜಗಲಿಯಲ್ಲಿ ಬಿಡದೆ ಮನೆಯೊಳಗೆ ಇಟ್ಟುಕೊಂಡು, ಹೊರಡುವಾಗಲಷ್ಟೇ ಸೈಕಲ್‌ಗೆ ಜೋಡಿಸಿ. ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿದರೆ ಈ ಲೆಕ್ಕ ತಪ್ಪುತ್ತದೆ; ಇಕ್ಕೆಲದಲ್ಲಿ ದಟ್ಟ ಮರಗಳಿರುವ ಕಡೆ ಗಾಳಿಯೇ ತಾಗದ ಕಾರಣ ಇಷ್ಟು ಎಚ್ಚರ ಬೇಕಾಗುವುದಿಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವವರಿಗಂತೂ ಇದು ಅನ್ವಯಿಸುವುದೇ ಇಲ್ಲ, ಏಕೆಂದರೆ ಅಲ್ಲಿ ಬ್ಯಾಟರಿಯನ್ನು ತಿನ್ನುವುದು ಗಾಳಿಯಲ್ಲ, ಏರು.