ಕಟ್ ಆಫ್ ಬೇರೆ, ಸಂಬಳ ಬೇರೆ: ಸಿಇಟಿ ಆಪ್ಷನ್ ಎಂಟ್ರಿ ಮಾಡಿಸಿದ ನನ್ನ ಅನುಭವ

ಅಕ್ಕನ ಮಗಳ ಸಿಇಟಿ ಆಪ್ಷನ್ ಎಂಟ್ರಿ, ಅಂದ್ರೆ ಬೇಕಾದ ಎಂಜಿನಿಯರಿಂಗ್ ಕಾಲೇಜು, ಬ್ರಾಂಚ್‌ಗಳನ್ನು ಇಷ್ಟದ ಕ್ರಮದಲ್ಲಿ ತುಂಬುವ ಕೆಲಸ, ನನ್ನ ಪಾಲಿಗೆ ಬಂತು. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: ಸೀಟು ಸಿಗೋದು ಎಲ್ಲಿ ಕಷ್ಟವೋ ಆ ಕಾಲೇಜನ್ನು ಮೇಲೆ ಹಾಕು, ಬ್ರಾಂಚ್ ಯಾವುದಾದ್ರೂ ಸರಿ. ನಾನು ಒಪ್ಪಲಿಲ್ಲ. ನಮ್ಮ ಕಂಪನಿ ಪರವಾಗಿ ಬೆಂಗಳೂರಿನ ಕಾಲೇಜುಗಳಿಗೆ ಕ್ಯಾಂಪಸ್ ಸಂದರ್ಶನಕ್ಕೆ ಹೋಗುವವನು ನಾನು. ಬಹಳ ಕಂಪನಿಗಳು ಸಿಎಸ್ (ಕಂಪ್ಯೂಟರ್ ಸೈನ್ಸ್), ಐಎಸ್ (ಇನ್ಫರ್ಮೇಷನ್ ಸೈನ್ಸ್), ಇಸಿ (ಎಲೆಕ್ಟ್ರಾನಿಕ್ಸ್) ಅಂತ ಮೊದಲೇ ಬರೆದುಕೊಂಡು ಬರುತ್ತವೆ. ಅದೇ ಕಾಲೇಜಿನ ಸಿವಿಲ್, ಮೆಕ್ಯಾನಿಕಲ್ ಮಕ್ಕಳು ಎಷ್ಟೇ ಒಳ್ಳೆ ರ‍್ಯಾಂಕ್ ತಂದಿದ್ದರೂ ಆ ದಿನ ಟೆಸ್ಟ್‌ಗೆ ಕೂರುವ ಹಾಗಿಲ್ಲ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ.

ಮೊದಲು ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಿಂದ ಹಿಂದಿನ ವರ್ಷಗಳ ಕಟ್ ಆಫ್ (ಯಾವ ಸೀಟು ಕೊನೆಗೆ ಎಷ್ಟನೇ ರ‍್ಯಾಂಕಿಗೆ ಸಿಕ್ಕಿತ್ತು ಅನ್ನೋದು) ಇಳಿಸಿಕೊಂಡು, ನಮ್ಮ ಕೆಟಗರಿಯ ಕಾಲಂ ಮಾತ್ರ ಎಕ್ಸೆಲ್‌ಗೆ ಹಾಕಿದೆ. ಈ ರ‍್ಯಾಂಕ್ ಬರೋದು ಅರ್ಧ ಪಿಯುಸಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಅಂಕದಿಂದ, ಅರ್ಧ ಸಿಇಟಿ ಅಂಕದಿಂದ. ಅಂದ್ರೆ ಒಳಗೆ ಬರುವಾಗ ಮಕ್ಕಳು ಹೇಗಿದ್ದರು ಅನ್ನೋದಷ್ಟೇ ಕಟ್ ಆಫ್ ಹೇಳುತ್ತದೆ, ಅಲ್ವಾ? ನಾಲ್ಕು ವರ್ಷ ಕಾಲೇಜು ಏನು ಕಲಿಸಿತು ಅನ್ನೋದು ಅದರಲ್ಲಿ ಇಲ್ಲ.

ಸೀಟು ಕಷ್ಟದ ಕಾಲೇಜಿನಲ್ಲಿ ಓದಿದರೆ ಸಂಪಾದನೆ ಹೆಚ್ಚುತ್ತದಾ ಅಂತ ಅಮೆರಿಕದ ಸಂಶೋಧಕರಾದ ಸ್ಟೇಸಿ ಡೇಲ್, ಅಲನ್ ಕ್ರೂಗರ್ 2002ರ ಅಧ್ಯಯನದಲ್ಲಿ ಪರೀಕ್ಷಿಸಿದ್ದರು. ಸೀಟು ಸಿಗೋದು ತುಂಬಾ ಕಷ್ಟವಾದ ಕಾಲೇಜಿನಲ್ಲಿ ಓದಿದವರನ್ನೂ, ಅಂಥದ್ದೇ ಕಾಲೇಜುಗಳಲ್ಲಿ ಸೀಟು ಸಿಕ್ಕರೂ ಬೇರೆ ಕಡೆ ಓದಿದವರನ್ನೂ ಹೋಲಿಸಿದರು. ಸರಾಸರಿ ನೋಡಿದರೆ ಮುಂದಿನ ಸಂಪಾದನೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆದರೆ ಬಡ ಮನೆಯ ಮಕ್ಕಳಿಗೆ ದೊಡ್ಡ ಕಾಲೇಜಿನಿಂದ ಲಾಭ ಆಗಿತ್ತು. ಈ ಮಾತನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ, ಅಕ್ಕನ ಮನೆಯಲ್ಲೂ ದುಡ್ಡು ಲೆಕ್ಕ ಹಾಕಿಯೇ ಖರ್ಚು ಮಾಡಬೇಕು.

ಸಂಬಳಕ್ಕೆ ಎನ್‌ಐಆರ್‌ಎಫ್, ಅಂದ್ರೆ ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ನೋಡಿದೆ. ಕಾಲೇಜುಗಳು ಕೊಟ್ಟ ಮೀಡಿಯನ್ ಸಂಬಳ ಅಲ್ಲಿರುತ್ತದೆ. ಎಲ್ಲರ ಸಂಬಳವನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದರೆ ನಟ್ಟನಡುವೆ ಬರೋದು ಅದು, ಹಾಗಾಗಿ ಒಬ್ಬನಿಗೆ ಐವತ್ತು ಲಕ್ಷ ಸಿಕ್ಕರೂ ಅಲುಗಾಡುವುದಿಲ್ಲ. ಆದರೆ ಎಲ್ಲ ಬ್ರಾಂಚ್ ಸೇರಿ ಒಂದೇ ಸಂಖ್ಯೆ, ಅದೂ ಕೆಲಸ ಸಿಕ್ಕವರದ್ದು ಮಾತ್ರ. ಸಿವಿಲ್ ಸೇರುವವರು ಅದನ್ನು ತಮ್ಮ ಸಂಬಳ ಅಂದುಕೊಂಡರೆ ಕಷ್ಟ.

ಆದ್ದರಿಂದ ಪ್ಲೇಸ್‌ಮೆಂಟ್ ಆಫೀಸಿಗೆ ಫೋನ್ ಮಾಡಿ, ಸೀನಿಯರ್ ಮಕ್ಕಳನ್ನೂ ಹಿಡಿದು ಕೇಳಿದೆ. ಈ ಬ್ರಾಂಚಿನಲ್ಲಿ ಎಷ್ಟು ಜನ ಅರ್ಹರಿದ್ದರು, ಎಷ್ಟು ಜನಕ್ಕೆ ಕೆಲಸ ಸಿಕ್ತು, ಮೀಡಿಯನ್ ಎಷ್ಟು. ಒಂದು ಕಾಲೇಜಿನವರು ಬರೀ ಹೈಯೆಸ್ಟ್ ಪ್ಯಾಕೇಜ್ ಹೇಳುತ್ತಿದ್ದರು, ಅದನ್ನು ಪಟ್ಟಿಯಲ್ಲಿ ಕೆಳಗೆ ಹಾಕಿದೆ. ಸಿಟಿಸಿ (ಒಬ್ಬ ನೌಕರನ ಮೇಲೆ ಕಂಪನಿಗೆ ವರ್ಷಕ್ಕೆ ಬೀಳುವ ಒಟ್ಟು ಖರ್ಚು) ಅಂದಾಗಲೂ ಬಿಡಿಸಿ ಕೇಳಿ. ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ, ಜಾಯಿನಿಂಗ್ ಬೋನಸ್, ಷೇರು ಎಲ್ಲ ಅದರೊಳಗೇ ಸೇರಿರಬಹುದು, ತಿಂಗಳಿಗೆ ಕೈಗೆ ಬರೋದು ಬೇರೆ.

ಹುಡುಗಿಗೆ ಎಲೆಕ್ಟ್ರಾನಿಕ್ಸ್ ಇಷ್ಟ. ಹಾಗಾಗಿ ದೊಡ್ಡ ಹೆಸರಿನ ಕಾಲೇಜುಗಳ ಸಿವಿಲ್‌ಗಿಂತ ಮೇಲೆ, ಕಟ್ ಆಫ್ ಅಷ್ಟು ಬಿಗಿ ಇಲ್ಲದ ಕಾಲೇಜುಗಳ ಇಸಿ ಹಾಕಿದೆವು. ಕೆ.ಆರ್. ಸರ್ಕಲ್‌ನ ಯುವಿಸಿಇಯನ್ನು (ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು) ಮೊದಲಿಗೇ ಇಟ್ಟೆವು. 1917ರಿಂದ ಇರುವ ಕಾಲೇಜು, ಖಾಸಗಿಯವುಗಳಿಗಿಂತ ಶುಲ್ಕ ಕಡಿಮೆ. ಸಂಬಳದ ಲೆಕ್ಕ ಹಾಕುವಾಗ ತೀರಿಸಬೇಕಾದ ಸಾಲವನ್ನೂ ಕಳೆಯಬೇಕಲ್ಲ.

ಮೊದಲ ಸುತ್ತಿನಲ್ಲಿ ಪಟ್ಟಿಯ ನಡುವಿನ ಒಂದು ಕಾಲೇಜಿನ ಇಸಿ ಬಂತು. ಚಾಯ್ಸ್ 2 ಒತ್ತಿಸಿದೆ. ಸಿಕ್ಕ ಸೀಟು ಕೈಯಲ್ಲೇ ಇರುತ್ತದೆ, ಮೇಲಿನದು ಸಿಕ್ಕರೆ ಮಾತ್ರ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ಅದಕ್ಕಿಂತ ಮೇಲಿದ್ದ ಇನ್ನೊಂದು ಕಾಲೇಜಿನ ಇಸಿ ಸಿಕ್ಕಿತು, ಭಾವ ಮಾರನೇ ದಿನವೇ ಶುಲ್ಕ ಕಟ್ಟಿದರು.